‘ಬಾಯಿ ಬಿಟ್ಟು ಹಾಡು’ ಎಂದರೆ ಸಾಲದು: ದವಡೆಯ ಬಿಗಿತವೂ ನಮ್ಮ ಮಕ್ಕಳ ಕಂಠವೂ

ಶಾಲಾ ಕಲೋತ್ಸವದ ದಿನಗಳು ಸಮೀಪಿಸಿದಂತೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಜಗಲಿಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ: “ಬಾಯಿ ಬಿಟ್ಟು ಹಾಡು.” ಕನ್ನಡ ಪದ್ಯ ಹೇಳುವ ಸ್ಪರ್ಧೆಗೆ, ಸಮೂಹಗಾನಕ್ಕೆ, ಯಕ್ಷಗಾನಕ್ಕೆ ಮಕ್ಕಳನ್ನು ಸಿದ್ಧಗೊಳಿಸುವ ನಾವು ಅಧ್ಯಾಪಕರು ಈ ಮಾತನ್ನು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಮನೆಯಲ್ಲಿ ಹೆತ್ತವರೂ ಅದನ್ನೇ ಹೇಳುತ್ತಾರೆ. ಮಾತು ತಪ್ಪಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧವನ್ನು ಹೇಳದೆ ಬಿಟ್ಟರೆ ಮಗುವಿಗೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚಾಗಬಹುದು ಎಂಬುದನ್ನು ನಾವು ತಡವಾಗಿ ಕಲಿತೆವು.

ಕೆಲವು ವರ್ಷಗಳ ಹಿಂದೆ ನಮ್ಮ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಸಣ್ಣ ಕಂಠ, ಆದರೆ ಶುದ್ಧ ಶ್ರುತಿ. ಕೊನೆಯ ಬೆಂಚಿಗೆ ಕೇಳಿಸುವುದಿಲ್ಲವೆಂದು ನಾವು ಆಕೆಗೆ ದಿನವೂ “ಇನ್ನೂ ಅಗಲ, ಇನ್ನೂ ಅಗಲ” ಎಂದು ಹೇಳಿದೆವು. ಒಂದು ವಾರದಲ್ಲಿ ದನಿ ದೊಡ್ಡದಾಯಿತು, ಜೊತೆಗೆ ಗಡುಸೂ ಆಯಿತು. ಶಿಕ್ಷಕ-ರಕ್ಷಕ ಸಂಘದ ಸಭೆಯಂದು ಆಕೆ ಹಾಡಿದಾಗ ಹಿಂದೆ ಕುಳಿತಿದ್ದ ಹಿರಿಯರೊಬ್ಬರು, “ಸ್ವರ ಕೇಳುತ್ತದೆ ಟೀಚರ್, ಶಬ್ದ ತಿಳಿಯುವುದಿಲ್ಲ” ಎಂದರು. ಮರುದಿನ ಆ ಹುಡುಗಿ ಕಿವಿಯ ಮುಂಭಾಗವನ್ನು ಬೆರಳಿನಿಂದ ಒತ್ತಿ ತೋರಿಸಿ, ಅನ್ನ ಅಗಿಯುವಾಗ ಇಲ್ಲಿ ನೋಯುತ್ತದೆ ಎಂದಳು. ನಾವು ಪರಿಶ್ರಮವೆಂದು ತಿಳಿದಿದ್ದುದು ಬಿಗಿತವಾಗಿತ್ತು. ಅದನ್ನು ಉಂಟುಮಾಡಿದವರು ನಾವೇ.

ಆ ಬಳಿಕ ನಾವು ಓದಿ, ಸಂಗೀತ ಬಲ್ಲವರಲ್ಲಿ ಕೇಳಿ, ತರಗತಿಯಲ್ಲಿ ಪ್ರಯೋಗಿಸಿ ತಿಳಿದುಕೊಂಡುದನ್ನು ಇಲ್ಲಿ ಹೆತ್ತವರ ಮುಂದಿಡುತ್ತಿದ್ದೇವೆ. ನಮ್ಮ ಬಹುತೇಕ ಶಾಲೆಗಳಲ್ಲಿ ಗಣಿತ ಕಲಿಸುವವರೇ ಪದ್ಯವನ್ನೂ ಹಾಡಿಸಬೇಕಾದ ಸ್ಥಿತಿ ಇರುವುದರಿಂದ ಈ ತಿಳಿವಳಿಕೆ ಮನೆಯಲ್ಲಿಯೂ ಇರುವುದು ಅಗತ್ಯ.

ಕೊಡಪಾನದ ಪಾಠ

ನಳ್ಳಿಯ ಕೆಳಗೆ ಕೊಡಪಾನವನ್ನಿಟ್ಟು ನೀರು ತುಂಬಿಸುವಾಗ ಅದರ ಸದ್ದನ್ನು ಗಮನಿಸಿರಿ. ಆರಂಭದಲ್ಲಿ ತಗ್ಗಿದ ಸದ್ದು, ತುಂಬುತ್ತಾ ಬಂದಂತೆ ಏರುವ ಸದ್ದು. ನೀರಿನ ಧಾರೆ ಬದಲಾಗಿಲ್ಲ, ಕೊಡದೊಳಗಿನ ಗಾಳಿಯ ಅವಕಾಶ ಬದಲಾಗಿದೆ. ಯಾವ ಪೊಳ್ಳಿಗಾದರೂ ತನ್ನ ಆಕಾರಕ್ಕೆ ತಕ್ಕಂತೆ ಕೆಲವು ನಾದಗಳನ್ನು ಎತ್ತಿ ಹಿಡಿಯುವ ಗುಣವಿರುತ್ತದೆ. ಇದಕ್ಕೆ ಅನುರಣನವೆಂದು ಹೆಸರು.

ನಮ್ಮ ಕಂಠದಲ್ಲಿಯೂ ಇದೇ ನಡೆಯುತ್ತದೆ. ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಕಂಪಿಸಿ ಮೂಲನಾದವನ್ನು ಹುಟ್ಟಿಸುತ್ತವೆ. ಶ್ರುತಿಯ ಏರಿಳಿತ ಅಲ್ಲಿಯ ಕೆಲಸ. ಆ ನಾದ ಗಂಟಲು ಮತ್ತು ಬಾಯಿಯೆಂಬ ಪೊಳ್ಳಿನ ಮೂಲಕ ಹೊರಬರುವಾಗ ‘ಆ’, ‘ಈ’, ‘ಊ’ ಎಂಬ ರೂಪಗಳನ್ನು ಪಡೆಯುತ್ತದೆ. ಈ ಪೊಳ್ಳಿನ ಮೊದಲ ಅನುರಣನ ಮುಖ್ಯವಾಗಿ ದವಡೆ ಎಷ್ಟು ತೆರೆದಿದೆ ಎಂಬುದನ್ನು ಅವಲಂಬಿಸಿದೆ. ದವಡೆ ಇಳಿದಂತೆ ಅದು ಏರುತ್ತದೆ, ಮುಚ್ಚಿದಂತೆ ಇಳಿಯುತ್ತದೆ. ಎರಡನೆಯ ಅನುರಣನ ಮುಖ್ಯವಾಗಿ ನಾಲಿಗೆ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಅನುಸರಿಸುತ್ತದೆ. ತುಟಿಗಳನ್ನು ದುಂಡಗೆ ಮಾಡಿ ಮುಂದೆ ಚಾಚಿದರೆ ಅನುರಣನಗಳೆಲ್ಲವೂ ತಗ್ಗುತ್ತವೆ. ಹೀಗೆ ದವಡೆ, ನಾಲಿಗೆ, ತುಟಿ ಈ ಮೂರೂ ಸೇರಿ ಒಂದು ಸ್ವರಾಕ್ಷರವನ್ನು ರೂಪಿಸುತ್ತವೆ. ದವಡೆಯೊಂದಕ್ಕೇ ಎಲ್ಲವನ್ನೂ ಹೊರಿಸಿದರೆ ಅಕ್ಷರ ಕೆಡುವುದು ಸಹಜ.

ಒಂದು ಸಣ್ಣ ಪರೀಕ್ಷೆಯನ್ನು ಮಗುವಿನೊಡನೆ ಮಾಡಿ ನೋಡಿರಿ. ಮಗು ತನ್ನ ಕಿರುಬೆರಳನ್ನು ತೊಳೆದು, ಮುಂಭಾಗದ ಹಲ್ಲುಗಳ ನಡುವೆ ಮೆಲ್ಲಗೆ ಇರಿಸಿಕೊಂಡು, ಕಚ್ಚದೆ, ಅ ಇ ಉ ಎ ಒ ಎಂದು ಹೇಳಲಿ. ದವಡೆ ಅಲುಗದಿದ್ದರೂ ಐದೂ ಅಕ್ಷರಗಳು ಗುರುತು ಸಿಗುವಂತೆ ಬರುತ್ತವೆ. ನಾಲಿಗೆ ಮತ್ತು ತುಟಿ ಎಷ್ಟು ಕೆಲಸ ಮಾಡಬಲ್ಲವು ಎಂಬುದು ಆಗ ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಬಾಯಿ ತೆರೆಯಲೇಬೇಕಾದ ಸ್ಥಳ

ಹಾಗಾದರೆ ಬಾಯಿಯನ್ನು ಹೆಚ್ಚು ತೆರೆಯುವುದೇ ಬೇಡವೇ? ಬೇಕು. ಎಲ್ಲಿ ಬೇಕು ಎಂಬುದನ್ನು ಅಂಕಿಗಳು ತೋರಿಸುತ್ತವೆ.

ಅಮೆರಿಕದ ಬೆಲ್ ಪ್ರಯೋಗಾಲಯದ ಪೀಟರ್ಸನ್ ಮತ್ತು ಬಾರ್ನಿ ಎಂಬವರು 1952ರಲ್ಲಿ ಗಂಡಸರು, ಹೆಂಗಸರು ಮತ್ತು ಮಕ್ಕಳ ಉಚ್ಚಾರವನ್ನು ಅಳೆದು ಪ್ರಕಟಿಸಿದರು. ಮಕ್ಕಳಲ್ಲಿ ‘ಈ’ಯನ್ನು ಹೋಲುವ ಸ್ವರದ ಮೊದಲ ಅನುರಣನ ಸರಾಸರಿ 370 ಹರ್ಟ್ಸ್, ‘ಆ’ವನ್ನು ಹೋಲುವ ಸ್ವರದ್ದು 1030 ಹರ್ಟ್ಸ್ ಎಂದು ಅವರು ಕಂಡುಕೊಂಡರು. ಅವು ಇಂಗ್ಲಿಷ್ ಸ್ವರಗಳ ಅಳತೆಗಳು. ಕನ್ನಡದಲ್ಲಿ ಅಂಕಿಗಳು ಸ್ವಲ್ಪ ಬೇರೆಯಾದಾವು, ಆದರೆ ‘ಈ’ ತಗ್ಗಿನಲ್ಲಿಯೂ ‘ಆ’ ಎತ್ತರದಲ್ಲಿಯೂ ಇರುವ ಕ್ರಮ ಬದಲಾಗದು.

ಈಗ ಶ್ರುತಿಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಹುಡುಗಿಯೊಬ್ಬಳು ಬಿಳಿ ಐದರ ಶ್ರುತಿಯಲ್ಲಿ ಹಾಡುತ್ತಾಳೆ ಎಂದಿಟ್ಟುಕೊಳ್ಳಿರಿ. ಆಕೆಯ ಮಧ್ಯ ಷಡ್ಜ ಸುಮಾರು 196 ಹರ್ಟ್ಸ್, ತಾರ ಷಡ್ಜ ಅದರ ಇಮ್ಮಡಿ, ಅಂದರೆ 392. ‘ಈ’ಯ ಮೊದಲ ಅನುರಣನ 370ರಲ್ಲಿಯೇ ಉಳಿದರೆ, ತಾರ ಷಡ್ಜವನ್ನು ‘ಈ’ಕಾರದಲ್ಲಿ ಹಾಡುವಾಗ ಮೂಲನಾದ ಆ ಸ್ಥಾನವನ್ನು ದಾಟಿಹೋಗುತ್ತದೆ. ಆಗ ಬಾಯಿಯ ಪೊಳ್ಳು ಆ ನಾದಕ್ಕೆ ಸರಿಯಾಗಿ ಬಲ ಕೊಡದು. ದನಿ ತೆಳುವಾಗುತ್ತದೆ. ಮಗು ಅದನ್ನು ತುಂಬಿಕೊಡಲು ಗಂಟಲನ್ನು ಒತ್ತುತ್ತದೆ. ಇಲ್ಲಿ ದವಡೆಯನ್ನು ಸ್ವಲ್ಪ ಸಡಿಲಿಸಿ ಕೆಳಗಿಳಿಸಿದರೆ ಸಾಕು, ಅನುರಣನ ಏರಿ ನಾದದ ಜೊತೆಗೂಡುತ್ತದೆ, ಒತ್ತಡವಿಲ್ಲದೆ ದನಿ ತುಂಬುತ್ತದೆ. ‘ಆ’ಕಾರದಲ್ಲಿ ತಾರ ಷಡ್ಜ ಹಾಡುವಾಗ ಈ ತೊಡಕಿಲ್ಲ. 1030 ಹರ್ಟ್ಸ್ ಎಂಬುದು ಬಹಳ ಮೇಲಿರುವುದರಿಂದ ಅಲ್ಲಿ ಬಾಯಿಯನ್ನು ಇನ್ನೂ ಹಿಗ್ಗಿಸುವ ಅಗತ್ಯವೇ ಬೀಳುವುದಿಲ್ಲ.

ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಅವರು ಯುರೋಪಿನ ಒಪೆರಾ ಗಾಯಕಿಯರನ್ನು ಅಧ್ಯಯನ ಮಾಡಿ ಇದೇ ತತ್ತ್ವವನ್ನು ವಿವರಿಸಿದ್ದಾರೆ. ಆ ಗಾಯಕಿಯರು ಶ್ರುತಿ ಏರಿದಂತೆ ದವಡೆಯನ್ನು ಕ್ರಮವಾಗಿ ಇಳಿಸುತ್ತಾ ಅನುರಣನವನ್ನು ನಾದಕ್ಕೆ ಹೊಂದಿಸಿಕೊಳ್ಳುತ್ತಾರೆ. ಆದರೆ ಅದಕ್ಕೊಂದು ಬೆಲೆಯಿದೆ: ಅತಿ ಎತ್ತರದಲ್ಲಿ ಅವರ ಸ್ವರಾಕ್ಷರಗಳು ಒಂದರಂತೆ ಒಂದು ಕೇಳಿಸುತ್ತವೆ. ಪದ್ಯ ಹೇಳುವ ನಮ್ಮ ಮಕ್ಕಳು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಅವರಿಗೆ ಬೇಕಾದುದು ಅಲ್ಪ ಸಡಿಲಿಕೆ ಮಾತ್ರ. ನಾಲಿಗೆಯ ಮುಂಭಾಗ ‘ಈ’ಯ ಸ್ಥಾನದಲ್ಲಿಯೇ ಎತ್ತರವಾಗಿ ಉಳಿದಿರಬೇಕು.

ನಮ್ಮ ಆ ಹುಡುಗಿಯ ಪದ್ಯದಲ್ಲಿ ಕೆಟ್ಟುಹೋದುದು ಇದೇ. ಎಲ್ಲ ಅಕ್ಷರಗಳಿಗೂ ‘ಆ’ಕಾರದಷ್ಟೇ ಬಾಯಿ ತೆರೆಯುವಂತೆ ನಾವು ಕಲಿಸಿದ್ದೆವು. ಆಗ ‘ಇ’ ‘ಎ’ಯ ಕಡೆಗೆ ಜಾರುತ್ತದೆ, ‘ಉ’ ‘ಒ’ವಿನ ಕಡೆಗೆ ಜಾರುತ್ತದೆ. ‘ಬಿಳಿ’ ಎಂಬುದು ‘ಬೆಳೆ’ಯಾಗುತ್ತದೆ, ‘ಕುಡಿ’ ಎಂಬುದು ‘ಕೊಡೆ’ಯಾಗುತ್ತದೆ. ಹಿರಿಯರಿಗೆ ಶಬ್ದ ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ.

ದವಡೆ ಬಿಗಿದರೆ ಕಂಠಕ್ಕೇನು?

ಎರಡೂ ಕೈಗಳ ಬೆರಳ ತುದಿಯನ್ನು ಕಿವಿಯ ಮುಂದೆ ಇರಿಸಿ ಬಾಯಿಯನ್ನು ನಿಧಾನವಾಗಿ ತೆರೆಯಿರಿ. ಮೊದಲು ಅಲ್ಲಿಯ ಕೀಲು ಬಾಗಿಲ ತಿರುಗಣಿಯಂತೆ ತಿರುಗುತ್ತದೆ. ಇನ್ನೂ ತೆರೆದರೆ ಎಲುಬಿನ ತಲೆ ಮುಂದಕ್ಕೆ ಜಾರಿ, ಬೆರಳಿಗೆ ಒಂದು ಕುಳಿ ಸಿಗುತ್ತದೆ. ವಯಸ್ಕರ ಬಾಯಿ ಪೂರ್ತಿ ತೆರೆದಾಗ ಮುಂಭಾಗದ ಹಲ್ಲುಗಳ ನಡುವೆ ಸುಮಾರು 40ರಿಂದ 50 ಮಿಲಿಮೀಟರ್ ಅಂತರವಿರುತ್ತದೆ. ಇದು ಆಕಳಿಕೆಯ ಅಳತೆ, ಹಾಡಿನ ಅಳತೆಯಲ್ಲ. ಪದ್ಯವೊಂದನ್ನು ಪೂರ್ತಿ ಆ ಅಂಚಿನಲ್ಲಿಯೇ ಹಾಡಿಸಿದರೆ ಕೀಲಿಗೂ ಸ್ನಾಯುಗಳಿಗೂ ಆಯಾಸ ತಪ್ಪದು.

ಇನ್ನು ಮುಚ್ಚುವ ಸ್ನಾಯುಗಳ ವಿಚಾರ. ಹಲ್ಲು ಕಚ್ಚಿ ಕೆನ್ನೆಯ ಹಿಂಭಾಗವನ್ನು ಮುಟ್ಟಿದರೆ ಗಟ್ಟಿಯಾದ ಗಡ್ಡೆಯಂತೆ ಒಂದು ಸ್ನಾಯು ಉಬ್ಬುವುದು ತಿಳಿಯುತ್ತದೆ. ಅಗಿಯಲು ನೆರವಾಗುವ ಬಲಿಷ್ಠ ಸ್ನಾಯು ಅದು. ದವಡೆ ವಿಶ್ರಾಂತಿಯಲ್ಲಿರುವಾಗ ತುಟಿ ಮುಚ್ಚಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದನ್ನೊಂದು ಮುಟ್ಟದೆ ಎರಡು-ನಾಲ್ಕು ಮಿಲಿಮೀಟರ್ ಎಡೆ ಇರುತ್ತದೆ. ಹೆದರಿದ ಮಗು, ಗದರಿಕೆ ಕೇಳಿದ ಮಗು, ವೇದಿಕೆಯ ಮೆಟ್ಟಿಲಲ್ಲಿ ನಿಂತ ಮಗು ಈ ಎಡೆಯನ್ನು ಮುಚ್ಚಿ ಹಲ್ಲು ಕಚ್ಚುತ್ತದೆ. ಅದರ ಮೇಲೆ “ಬಾಯಿ ಬಿಡು” ಎಂಬ ಆಜ್ಞೆ ಬಂದಾಗ, ಮುಚ್ಚುವ ಸ್ನಾಯುಗಳು ಬಿಗಿದಿರುವಂತೆಯೇ ತೆರೆಯುವ ಸ್ನಾಯುಗಳು ಎಳೆಯತೊಡಗುತ್ತವೆ. ಬಾಯಿ ತೆರೆದಿರುತ್ತದೆ, ದವಡೆ ಮಾತ್ರ ಬಿಗಿದಿರುತ್ತದೆ. ನಮ್ಮ ಹುಡುಗಿಯ ನೋವಿನ ಮೂಲ ಈ ಹಗ್ಗಜಗ್ಗಾಟವೆಂದು ನಾವು ಆಮೇಲೆ ಅರಿತೆವು.

ಬಿಗಿತ ದವಡೆಯಲ್ಲಿಯೇ ನಿಲ್ಲುವುದಿಲ್ಲ. ಗದ್ದದ ಒಳಭಾಗದಿಂದ ಹೊರಟ ಸ್ನಾಯುಗಳು ಗಂಟಲಿನ ಮೇಲ್ಭಾಗದಲ್ಲಿರುವ, ಕುದುರೆ ಲಾಳದ ಆಕಾರದ ಒಂದು ಸಣ್ಣ ಎಲುಬಿಗೆ ಸೇರಿವೆ. ನಾಲಿಗೆಯ ಬುಡ ಅದಕ್ಕೆ ಅಂಟಿಕೊಂಡಿದೆ, ಧ್ವನಿಪೆಟ್ಟಿಗೆ ಅದರಿಂದ ತೂಗಿಕೊಂಡಿದೆ. ಆದುದರಿಂದ ದವಡೆಯನ್ನು ಬಲವಂತವಾಗಿ ಕೆಳಕ್ಕೆ ಅದುಮಿದರೂ ಮುಂದಕ್ಕೆ ಚಾಚಿದರೂ ಅದರ ಎಳೆತ ಧ್ವನಿಪೆಟ್ಟಿಗೆಯವರೆಗೆ ತಲಪುತ್ತದೆ. ದನಿ ಹಿಸುಕಿದಂತಾಗುವುದು, ಮೇಲಿನ ಸ್ವರಗಳಲ್ಲಿ ಶ್ರುತಿ ತಗ್ಗುವುದು, ಗಮಕಗಳು ಬಾಗದೆ ಬಿರುಸಾಗುವುದು ಇದರ ಲಕ್ಷಣಗಳು. ಗದ್ದದ ಅಡಿಯ ಮೆತ್ತನೆಯ ಭಾಗಕ್ಕೆ ಹೆಬ್ಬೆರಳನ್ನು ಹಗುರವಾಗಿ ತಾಗಿಸಿ ಉಗುಳು ನುಂಗಿದರೆ ಅದು ಗಟ್ಟಿಯಾಗುತ್ತದೆ. ಹಾಡುವಾಗ ಅದು ಅಷ್ಟು ಗಟ್ಟಿಯಾಗಬಾರದು.

ಗಮಕದ ವಿಚಾರದಲ್ಲಿ ಇನ್ನೊಂದು ಮಾತು. ಕೆಲವು ಮಕ್ಕಳು ಸ್ವರವನ್ನು ಅಲುಗಿಸಲು ಗದ್ದವನ್ನೇ ಅಲುಗಿಸುತ್ತಾರೆ. ನೋಡುವವರಿಗೆ ಅಗಿದಂತೆ ಕಾಣುತ್ತದೆ. ಶ್ರುತಿಯ ಅಲುಗಾಟ ಧ್ವನಿಪೆಟ್ಟಿಗೆಯ ಕೆಲಸ. ದವಡೆ ಅಲುಗಿದಾಗ ಅನುರಣನ ಬದಲಾಗಿ ಅಕ್ಷರವೇ ಅಲುಗುತ್ತದೆ. ‘ಆ’ ಎಂಬುದು ಒಮ್ಮೆ ತೆರೆದು ಒಮ್ಮೆ ಮುಚ್ಚಿ ಕೇಳಿಸುತ್ತದೆ. ಕನ್ನಡಿಯ ಮುಂದೆ ನಿಲ್ಲಿಸಿದರೆ ಮಕ್ಕಳೇ ಇದನ್ನು ಕಂಡು ನಗುತ್ತಾರೆ. ತಿದ್ದಿಕೊಳ್ಳುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಹಳೆಯ ಶಾಸ್ತ್ರದ ಎಚ್ಚರಿಕೆ

ಇದೆಲ್ಲ ಹೊಸ ವಿಜ್ಞಾನದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಗಾಯಕನ 25 ದೋಷಗಳನ್ನು ಪಟ್ಟಿಮಾಡಿದ್ದಾನೆ. ಹಲ್ಲು ಕಚ್ಚಿ ಹಾಡುವವನು ‘ಸಂದಷ್ಟ’. ಬಾಯಿಯನ್ನು ಭಯಂಕರವಾಗಿ ತೆರೆದು ಹಾಡುವವನು ‘ಕರಾಳಿ’. ಇವೆರಡೂ ಒಂದೇ ಪಟ್ಟಿಯಲ್ಲಿವೆ ಎಂಬುದನ್ನು ಗಮನಿಸಬೇಕು. ಕತ್ತು ಸೊಟ್ಟ ಮಾಡುವ ‘ವಕ್ರೀ’, ಕೆನ್ನೆ ಉಬ್ಬಿಸುವ ‘ತುಂಬಕೀ’, ಅಕ್ಷರ ಸ್ಪಷ್ಟವಾಗದ ‘ಅವ್ಯಕ್ತ’ ಇವೂ ಅಲ್ಲಿವೆ. ನಮ್ಮ ಹುಡುಗಿಯನ್ನು ಸಂದಷ್ಟ ದೋಷದಿಂದ ಬಿಡಿಸಲು ಹೋಗಿ ನಾವು ಆಕೆಯನ್ನು ಕರಾಳಿ ದೋಷಕ್ಕೆ ತಳ್ಳಿದ್ದೆವು, ಅಲ್ಲಿಂದ ಅವ್ಯಕ್ತಕ್ಕೆ ದೂರವಿರಲಿಲ್ಲ.

ಗಡಿಯ ಮಕ್ಕಳ ನಾಲಿಗೆ

ಗಡಿನಾಡಿನ ಮಕ್ಕಳಿಗೆ ಈ ವಿಷಯ ಇನ್ನೂ ಒಂದು ಕಾರಣದಿಂದ ಮುಖ್ಯ. ಇಂದಿನ ಕನ್ನಡದ ಮಾತುಗಳು ಬಹುಮಟ್ಟಿಗೆ ಸ್ವರದಲ್ಲಿಯೇ ಮುಗಿಯುತ್ತವೆ: ಊರು, ಮನೆ, ನುಡಿ, ನಾಡು. ಹಾಡಿನಲ್ಲಿ ಸಾಲಿನ ಕೊನೆಗೆ ನಿಂತು ಎಳೆಯುವುದೂ ಆ ಸ್ವರವನ್ನೇ. ಕಾಸರಗೋಡಿನಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಹೀಗೆ ಹಲವು ನುಡಿಗಳನ್ನಾಡುತ್ತಾರೆ. ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಪದಾಂತ್ಯದಲ್ಲಿ ತುಟಿ ದುಂಡಗಾಗದ ಅರ್ಧ ಉಕಾರವಿದೆ. ಅದನ್ನು ರೂಢಿಸಿಕೊಂಡ ಮಗು ‘ಊರು’ ಎಂಬುದರ ಕೊನೆಯ ಉಕಾರವನ್ನೂ ತುಟಿ ಚಾಚದೆ, ದವಡೆಯನ್ನು ಮುಚ್ಚಿ ಮುಗಿಸಿಬಿಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಮರಾಠಿಯೊಡನೆ ಬೆಳೆಯುವ ಮಕ್ಕಳಲ್ಲಿ ಪದದ ಕೊನೆಯ ಅಕಾರವನ್ನು ನುಂಗುವ ಅಭ್ಯಾಸ ಬರುವುದು ಸಹಜ, ಏಕೆಂದರೆ ಮರಾಠಿಯ ನಡೆಯೇ ಹಾಗಿದೆ.

ಇದು ಮಗುವಿನ ದೋಷವಲ್ಲ. ಎರಡು ಮೂರು ನುಡಿಗಳನ್ನು ಬಲ್ಲ ನಾಲಿಗೆ ಬಡ ನಾಲಿಗೆಯಲ್ಲ. ಮನೆಮಾತಿನ ಬಗೆಗೆ ಮಗುವನ್ನು ಹೀಯಾಳಿಸಿದರೆ ಅದರ ದವಡೆ ಮತ್ತಷ್ಟು ಬಿಗಿಯುವುದೇ ಹೊರತು ಕನ್ನಡ ಸ್ಪಷ್ಟವಾಗದು. “ಕನ್ನಡದ ಉಕಾರಕ್ಕೆ ತುಟಿ ದುಂಡಗೆ, ಹಲ್ಲುಗಳ ನಡುವೆ ಎಡೆ” ಎಂದು ಹೇಳಿಕೊಟ್ಟರೆ ಮಗು ಎರಡು ದಿನಗಳಲ್ಲಿ ಕಲಿಯುತ್ತದೆ.

ಮನೆಯಲ್ಲಿ ಹತ್ತು ನಿಮಿಷ

ಹಾಡುವ ಮಗುವಿಗೆ ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷದ ಅಭ್ಯಾಸ ಸಾಕು. ಇದಕ್ಕೆ ಸಂಗೀತ ಬಲ್ಲವರೇ ಆಗಬೇಕೆಂದಿಲ್ಲ.

ಮೊದಲನೆಯದಾಗಿ, ಎರಡು ಅಂಗೈಗಳಿಂದ ಕೆನ್ನೆಯ ಹಿಂಭಾಗವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೇವರಿಸಲಿ. ಗದ್ದ ತಾನಾಗಿ ಇಳಿಯಲಿ, ಕೈಯಿಂದ ಎಳೆಯುವುದು ಬೇಡ.

ಎರಡನೆಯದಾಗಿ, ತುಟಿ ಮುಚ್ಚಿ, ಹಲ್ಲುಗಳ ನಡುವೆ ಎಡೆ ಬಿಟ್ಟು, ಮಧ್ಯ ಷಡ್ಜದಲ್ಲಿ ‘ಮ್’ ಎಂದು ಗುನುಗಲಿ. ತುಟಿಯಲ್ಲಿ ಕಚಗುಳಿಯಂತೆ ಕಂಪನ ತಿಳಿದರೆ ಸರಿಯಾಗಿದೆ.

ಮೂರನೆಯದಾಗಿ, ಅದೇ ಶ್ರುತಿಯಲ್ಲಿ ಒಂದೇ ಉಸಿರಿಗೆ ಆ–ಏ–ಈ, ಬಳಿಕ ಆ–ಓ–ಊ ಎಂದು ಹಾಡಲಿ. ಈ–ಊಗಳಿಗೆ ಬರುವಾಗ ದವಡೆ ಸ್ವಲ್ಪ ಏರುವುದು ಸಹಜ, ಹಲ್ಲುಗಳು ಮಾತ್ರ ಕೂಡಬಾರದು.

ನಾಲ್ಕನೆಯದಾಗಿ, ಸರಳೆ ವರಸೆ ಬಲ್ಲ ಮಕ್ಕಳು ಅದನ್ನು ನಿಧಾನವಾಗಿ ಹಾಡಲಿ. ಸ, ಗ, ಮ, ಪ, ದ ಇವು ಅಕಾರ. ರಿ, ನಿ ಮಾತ್ರ ಇಕಾರ. ಬಿಗಿತವಿರುವ ಮಗು ರಿ, ನಿಗಳಲ್ಲಿ ಹಲ್ಲು ಕಚ್ಚುತ್ತದೆ. ವಿಶೇಷವಾಗಿ ತಾರ ಷಡ್ಜಕ್ಕೆ ಹತ್ತುವ ಮುನ್ನ ಬರುವ ‘ನಿ’ಯಲ್ಲಿ ಕಚ್ಚಿದರೆ ಮುಂದಿನ ‘ಸ’ ತಡವರಿಸುತ್ತದೆ. ‘ನಿ’ಯಲ್ಲಿ ಗದ್ದ ಸಡಿಲವಾಗಿದ್ದರೆ ‘ಸ’ ಸುಲಭವಾಗಿ ಸಿಗುತ್ತದೆ. ಪುರಂದರದಾಸರ ಹೆಸರಿನೊಂದಿಗೆ ಬಂದ ಈ ಮೊದಲ ಪಾಠದಲ್ಲಿಯೇ ಅಕಾರ-ಇಕಾರಗಳ ಸಾಧನೆ ಅಡಗಿದೆ.

ಕೊನೆಗೆ, ಪದ್ಯದ ಒಂದು ಸಾಲನ್ನು ಮೊದಲು ಮಾತಿನಂತೆ ಹೇಳಿ, ಆ ಬಳಿಕ ಅದೇ ಬಾಯಿಯ ಅಳತೆಯಲ್ಲಿ ಹಾಡಲಿ. ಶ್ರುತಿ ಏರುವಲ್ಲಿ ಮಾತ್ರ ಗದ್ದವನ್ನು ಸ್ವಲ್ಪ ಹೆಚ್ಚು ಇಳಿಸಲಿ. ಮನೆಯವರು ಮುಂದಿನ ಕೋಣೆಯಲ್ಲಿ ಕುಳಿತು, ಶಬ್ದ ತಿಳಿಯಿತೇ ಎಂದಷ್ಟೇ ಹೇಳಲಿ. ವೇದಿಕೆಯಲ್ಲಿ ಮೈಕ್ ಇರುವುದರಿಂದ ದನಿಯ ಗಾತ್ರಕ್ಕಿಂತ ಅಕ್ಷರದ ಸ್ಪಷ್ಟತೆ ಹೆಚ್ಚು ಬೆಲೆಯುಳ್ಳದ್ದು.

ಅಭ್ಯಾಸ ನಿಲ್ಲಿಸಬೇಕಾದ ಸಂದರ್ಭಗಳನ್ನೂ ತಿಳಿದಿರಬೇಕು. ಬಾಯಿ ತೆರೆಯುವಾಗ ನೋವು, ದವಡೆ ಸಿಕ್ಕಿಕೊಂಡಂತಾಗುವುದು, ನೋವಿನೊಡನೆ ಕಟಕಟ ಸದ್ದು ಇದ್ದರೆ ದಂತವೈದ್ಯರಿಗೆ ತೋರಿಸಬೇಕು. ದನಿ ಎರಡು ಮೂರು ವಾರ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು. ಸುಮಾರು 12ರಿಂದ 15ರ ವಯಸ್ಸಿನಲ್ಲಿ ಹುಡುಗರ ಕಂಠ ಒಡೆದು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆಗ ಹಳೆಯ ಶ್ರುತಿಯಲ್ಲಿಯೇ ಹಾಡಬೇಕೆಂದು ಒತ್ತಾಯಿಸಬಾರದು. ಶ್ರುತಿ ಇಳಿಸಿಕೊಟ್ಟರೆ ಆ ಹುಡುಗರು ಹಾಡು ಬಿಟ್ಟುಹೋಗುವುದಿಲ್ಲ.

ನಮ್ಮ ಆ ಹುಡುಗಿ ಆ ವರ್ಷ ಸ್ಪರ್ಧಿಸಲಿಲ್ಲ. ನಾವೇ ಬೇಡವೆಂದೆವು. ನೋವು ಕಡಿಮೆಯಾದ ಮೇಲೆ ಗುನುಗುವುದರಿಂದ ಮತ್ತೆ ಆರಂಭಿಸಿದೆವು. ಮರುವರ್ಷ ಆಕೆ ಉಪಜಿಲ್ಲಾ ಕಲೋತ್ಸವದಲ್ಲಿ ತನ್ನ ಸಣ್ಣ ಕಂಠದಲ್ಲಿಯೇ ಹಾಡಿದಳು. ಬಹುಮಾನ ಬರಲಿಲ್ಲ. ಪದ್ಯದ ಪ್ರತಿಯೊಂದು ಮಾತೂ ಕೊನೆಯ ಸಾಲಿನಲ್ಲಿ ನಿಂತಿದ್ದ ನಮಗೆ ಕೇಳಿಸಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡ ಉಳಿದಿರುವುದು ಮನವಿಪತ್ರಗಳಿಂದ ಮಾತ್ರವಲ್ಲ, ತರಗತಿಗಳಲ್ಲಿ ಪದ್ಯ ಹೇಳಿದ ಮಕ್ಕಳ ಬಾಯಿಂದಲೂ ಹೌದು. ಮಂಜೇಶ್ವರದ ಗೋವಿಂದ ಪೈಗಳ, ಅಧ್ಯಾಪಕರೇ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯಗಳು ಈ ಮಣ್ಣಿನವು. ತರಗತಿಯಲ್ಲಿ ಹತ್ತೇ ಮಕ್ಕಳಿರುವ ಶಾಲೆಯಲ್ಲಿ ಒಂದು ಮಗು ನೋವಿನಿಂದಲೋ ನಾಚಿಕೆಯಿಂದಲೋ ಹಾಡು ನಿಲ್ಲಿಸಿದರೆ ಹತ್ತರಲ್ಲೊಂದು ಪಾಲು ದನಿ ಹೋದಂತೆ. ಮುಂದಿನ ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ಈ ವಿಚಾರವನ್ನು ಒಮ್ಮೆ ಮಾತನಾಡಿರಿ. ನಿಮ್ಮ ಊರಿನಲ್ಲಿ ಸಂಗೀತ ಬಲ್ಲವರೋ ಯಕ್ಷಗಾನದ ಭಾಗವತರೋ ಇದ್ದರೆ ತಿಂಗಳಿಗೊಂದು ದಿನ ಶಾಲೆಗೆ ಕರೆಯಿರಿ. ಇಂದು ಸಂಜೆ ಮಗು ಪದ್ಯ ಹೇಳಲು ಕುಳಿತಾಗ “ಬಾಯಿ ಬಿಡು” ಎನ್ನುವ ಬದಲು, “ಹಲ್ಲು ಕಚ್ಚಬೇಡ ಮಗಾ, ಗದ್ದ ಸಡಿಲ ಬಿಡು, ಅಕ್ಷರವನ್ನು ನಾಲಿಗೆಯಲ್ಲಿ ಹೇಳು” ಎನ್ನಿರಿ.